ಫೈರಿಂಗ್ ಲೈನ್ ಹಿಂದೆ ನಿಂತವರ ಕೆಲಸ

ಕಲಬುರಗಿಯ ನಮ್ಮ ಕ್ಲಬ್ಬಿನಲ್ಲಿರುವುದು 10 ಮೀಟರ್ ರೇಂಜ್. ಏರ್ ರೈಫಲ್, ಏರ್ ಪಿಸ್ತೂಲ್ ಅಷ್ಟೇ. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಮನು ಭಾಕರ್ ಎರಡು ಕಂಚು ಗೆದ್ದ ಮೇಲೆ ಮಕ್ಕಳನ್ನು ಕರೆತರುವವರು ಜಾಸ್ತಿಯಾದರು. "ಬರೇ ಏರ್ ಗನ್ ಅಲ್ರೀ, ಏನಾಗ್ತದ?" ಅಂತ ಕೇಳುತ್ತಾರೆ. ಅದರಿಂದ 4.5 ಮಿಲಿಮೀಟರ್ ಸೀಸದ ಪೆಲೆಟ್ ಸೆಕೆಂಡಿಗೆ ಸುಮಾರು 170 ಮೀಟರ್ ವೇಗದಲ್ಲಿ ಹೊರಬೀಳುತ್ತದೆ. ಕಣ್ಣಿಗೆ ಬಿದ್ದರೆ ಕಣ್ಣೇ ಹೋಗಬಹುದು. ಮಗುವನ್ನು ಸೇರಿಸಿಕೊಳ್ಳುವ ದಿನವೇ ತಂದೆತಾಯಿಗೆ ಇದನ್ನು ಬಿಡಿಸಿ ಹೇಳುತ್ತೇನೆ.

ನಾನು ಹಟ ಹಿಡಿದು ತಂದ ನಿಯಮ ಒಂದಿದೆ. ಕೋಚಿಂಗ್ ಕೊಡುವವರು ಅದೇ ಹೊತ್ತಿಗೆ ಸೇಫ್ಟಿ ನೋಡಿಕೊಳ್ಳುವ ಹಾಗಿಲ್ಲ. ಕೋಚ್ ಕಣ್ಣು ಒಬ್ಬ ಹುಡುಗನ ಮೊಣಕೈ ಮೇಲೆ, ಟ್ರಿಗರ್ ಬೆರಳಿನ ಮೇಲೆ ಇರುತ್ತದೆ. ಎರಡು ಲೇನ್ ಆಚೆಗಿನ ಪಿಸ್ತೂಲ್ ಎತ್ತ ತಿರುಗಿತೋ ಅವರಿಗೆ ಹೇಗೆ ಗೊತ್ತಾಗಬೇಕು? ಹಾಗಾಗಿ ಶೂಟಿಂಗ್ ನಡೆಯುವಷ್ಟು ಹೊತ್ತೂ ಇನ್ನೊಬ್ಬರು ಫೈರಿಂಗ್ ಲೈನ್, ಅಂದರೆ ಶೂಟ್ ಮಾಡುವವರು ನಿಲ್ಲುವ ಗೆರೆಯ ಹಿಂದೆ ನಿಂತಿರಬೇಕು. ಮೊಬೈಲ್ ನೋಡುವಂತಿಲ್ಲ, ಸ್ಕೋರ್ ಕಡೆ ಗಮನ ಬೇಡ. ಬ್ಯಾರಲ್ ತುದಿಗಳನ್ನು ಕಾಯುವುದೇ ಅವರ ಕೆಲಸ. ಅಂಥವರು ಸಿಗದ ದಿನ ಗನ್ ಪೆಟ್ಟಿಗೆ ತೆರೆಯುವುದಿಲ್ಲ. ಫೀಸು ಕೊಟ್ಟವರಿಗೆ ಬೇಜಾರಾಗುತ್ತದೆ, ಆಗಲಿ.

ನನಗೆ ರೈಫಲ್‌ಗಿಂತ ಪಿಸ್ತೂಲ್ ಬಗ್ಗೆಯೇ ಭಯ ಜಾಸ್ತಿ. ರೈಫಲ್ ಉದ್ದ, ಭಾರ. ಅದು ತಿರುಗಬೇಕೆಂದರೆ ಮೈಯೇ ತಿರುಗಬೇಕು. ಪಿಸ್ತೂಲ್‌ಗೆ ಮಣಿಕಟ್ಟು ಹೊರಳಿದರೆ ಸಾಕು. ಪೆಲೆಟ್ ಸಿಕ್ಕಿಕೊಂಡಾಗ ಮಕ್ಕಳು "ಸರ್, ಇದು ಹೋಗವಲ್ದು" ಅಂತ ಪಿಸ್ತೂಲ್ ಹಿಡಿದುಕೊಂಡೇ ಹಿಂದಕ್ಕೆ ತಿರುಗಲು ನೋಡುತ್ತಾರೆ. ಆಗ ಹೆಸರು ಹಿಡಿದು ಕೂಗಲೇಬಾರದು. ಕೂಗಿದರೆ ಮಗು ಗನ್ ಸಮೇತ ಪೂರ್ತಿ ನಮ್ಮ ಕಡೆಗೇ ತಿರುಗುತ್ತದೆ. ನಾನು ಹಿಂದಿನಿಂದ ಹೋಗಿ, ಹೆಗಲ ಮೇಲೊಂದು ಕೈಯಿಟ್ಟು, ಇನ್ನೊಂದರಲ್ಲಿ ಮಣಿಕಟ್ಟನ್ನು ಟಾರ್ಗೆಟ್ ಕಡೆಗೇ ತಡೆದು, "ಮುಂದ ನೋಡು ತಮ್ಮಾ" ಎನ್ನುತ್ತೇನೆ. ಏನೇ ತೊಂದರೆಯಾದರೂ ಗನ್ ಮುಂದಕ್ಕೇ ಇರಬೇಕು, ಖಾಲಿ ಕೈ ಎತ್ತಬೇಕು. ಪೆಲೆಟ್ ಕೈಗೆ ಕೊಡುವ ಮೊದಲೇ ಇದನ್ನು ರೂಢಿ ಮಾಡಿಸುತ್ತೇವೆ.

ಟಾರ್ಗೆಟ್ ಎಳೆಯುವ ರಾಟೆಯ ದಾರ ಆಗಾಗ ತುಂಡಾಗುತ್ತದೆ. ಸರಿಮಾಡಲು ಯಾರಾದರೂ ಮುಂದೆ ಹೋಗಲೇಬೇಕು. ಆಗ "ಸ್ಟಾಪ್, ಅನ್‌ಲೋಡ್" ಎಂದ ಕೂಡಲೇ ಎಲ್ಲ ಗನ್‌ಗಳಿಗೂ ಸೇಫ್ಟಿ ಫ್ಲ್ಯಾಗ್ ಬೀಳಬೇಕು. ಅದು ಕಿತ್ತಳೆ ಬಣ್ಣದ ನೈಲಾನ್ ಎಳೆ. ಪೆಲೆಟ್ ಹಾಕುವ ಕಡೆಯಿಂದ ತೂರಿಸಿದರೆ ಬ್ಯಾರಲ್ ತುದಿಯಲ್ಲಿ ಹೊರಬರುತ್ತದೆ. ಎರಡೂ ತುದಿ ಕಂಡರೆ ಒಳಗೆ ಪೆಲೆಟ್ ಇಲ್ಲ ಅಂತ ದೂರದಿಂದಲೇ ಗೊತ್ತಾಗುತ್ತದೆ. ನಡುವೆ ಎಲ್ಲೋ ತಡೆದರೆ ಬ್ಯಾರಲ್ಲಿನಲ್ಲಿ ಏನೋ ಇದೆ ಎಂದೇ ಲೆಕ್ಕ. ಗನ್ ಕೆಳಗಿಟ್ಟು ಎಲ್ಲರೂ ಲೈನ್ ಬಿಟ್ಟು ಹಿಂದೆ ಸರಿದ ಮೇಲಷ್ಟೇ ಒಬ್ಬರು ಮುಂದೆ ಹೋಗಬೇಕು. ಅವರು ವಾಪಸ್ ಬರುವ ತನಕ ಗನ್ ಮುಟ್ಟುವಂತಿಲ್ಲ, ಒರೆಸುವ ನೆಪಕ್ಕೂ ಇಲ್ಲ. ಮಗಳ ಫೋಟೋ ತೆಗೆಯಲು ಲೈನ್ ದಾಟಲು ಹೊರಟ ಒಬ್ಬ ತಂದೆಯನ್ನು ಕೈ ಹಿಡಿದು ನಿಲ್ಲಿಸಿದ್ದೇನೆ. "ಹಿಂದ ಬರ್ರಿ ಅಣ್ಣಾರ" ಅಂದಾಗ ಅವರಿಗೆ ಸಿಟ್ಟು ಬಂತು. ಅದಾದ ಮೇಲೆ ಹಿಂದೆ ಹಗ್ಗ ಕಟ್ಟಿ ನೋಡುವವರ ಜಾಗ ಬೇರೆ ಮಾಡಿದೆವು.

ಪೆಲೆಟ್ ಸೀಸದ್ದು. ಅದನ್ನು ಮುಟ್ಟಿದ ಮೇಲೆ, ಊಟದ ಡಬ್ಬಿ ಬಿಚ್ಚುವ ಮೊದಲು ಸೋಪು ಹಚ್ಚಿ ಕೈ ತೊಳೆಯಲೇಬೇಕು.

ಇನ್ನು ಪೆಲೆಟ್ ತಳ್ಳಲು ಗನ್ನಿಗೇ ಜೋಡಿಸಿರುವ ಗಾಳಿಯ ಸಿಲಿಂಡರ್. ಅದರೊಳಗೆ 200 ಬಾರ್ ಒತ್ತಡವಿರುತ್ತದೆ. ನಮ್ಮೂರಿನ ಬೇಸಿಗೆಯಲ್ಲಿ 40 ಡಿಗ್ರಿ ದಾಟುವುದು ಮಾಮೂಲು, ಬಾಗಿಲು ಹಾಕಿದ ಕಾರು ಇನ್ನೂ ಕಾಯುತ್ತದೆ. ಅಲ್ಲಿ ಗನ್ ಬಿಟ್ಟು ಹೋಗಬೇಡಿ. ಸಿಲಿಂಡರ್ ಮೇಲೆ ಅದು ತಯಾರಾದ ತಾರೀಖು ಇರುತ್ತದೆ. ಹತ್ತು ವರ್ಷ ದಾಟಿದ ಸಿಲಿಂಡರನ್ನು ನಮ್ಮ ರೇಂಜಿನಲ್ಲಿ ತುಂಬಿಸಿಕೊಡುವುದಿಲ್ಲ. ಸೆಕೆಂಡ್ ಹ್ಯಾಂಡ್ ರೈಫಲ್ ಕೊಳ್ಳಲು ಹೊರಟವರಿಗೆ, ದುಡ್ಡು ಕೊಡುವ ಮೊದಲು ಆ ತಾರೀಖಿನ ಫೋಟೋ ತರಿಸಿಕೊಳ್ಳಿ ಎನ್ನುತ್ತೇನೆ.