ಅಂಚು ಬಿಟ್ಟು ನಡುವೆ ಬಂದ ಮೇಲೆ: ಸೈಕಲ್ ಸವಾರನಾಗಿ ನನ್ನ ಅನುಭವ

ಬೆನ್ನಿಗೆ ಬಂದು ಬಡಿಯುವ ಹಾರ್ನ್, ಮೊಣಕೈ ಸವರಿಕೊಂಡು ಹೋಗುವ ಕಾರು, ಮುಂದೆ ಹೋದ ಮರುಕ್ಷಣವೇ ಅಡ್ಡ ತಿರುಗುವ ವ್ಯಾನು, ಇವನ್ನೆಲ್ಲ ದಿನವೂ ಸೈಕಲ್ ತುಳಿಯುವವರಿಗೆ ವಿವರಿಸಬೇಕಾಗಿಲ್ಲ. ಹತ್ತು ವರ್ಷಕ್ಕೂ ಹೆಚ್ಚು ಕಾಲ ಇದನ್ನು ಸಹಿಸಿದ ನಾನು, ಈಗ ಎರಡು ವರ್ಷಗಳಿಂದ ರಸ್ತೆ ಕಿರಿದಾದ ಕಡೆಗಳಲ್ಲಿ ಪಥದ ನಟ್ಟನಡುವೆ ಸಾಗುತ್ತಿದ್ದೇನೆ. ಹಿಂದಿನಿಂದ ಗುದ್ದಿಬಿಡುತ್ತಾರೆ ಎಂದು ಎಚ್ಚರಿಸಿದ್ದ ಗೆಳೆಯರಲ್ಲಿ ಕೆಲವರು ಇಂದು ಅದೇ ಸಾಲಿನಲ್ಲಿ ನನ್ನ ಹಿಂದೆ ಬರುತ್ತಾರೆ.

ಮೊದಮೊದಲು ನಾನು ಹಣ ಸುರಿದು ಸುರಕ್ಷತೆಯನ್ನು ಕೊಳ್ಳಲು ಹೊರಟಿದ್ದೆ. ಹೊಳೆಯುವ ಜಾಕೆಟ್, ಹಗಲಲ್ಲೂ ಕಣ್ಣು ಕುಕ್ಕುವ ಹಿಂಬದಿ ದೀಪ, ಮಳೆನೀರು ಹೊಕ್ಕು ಕೆಟ್ಟ ಒಂದು ಕ್ಯಾಮೆರಾ, ಅದರ ಬದಲಿಗೆ ಕೊಂಡ ಇನ್ನೊಂದು, ಇವೆಲ್ಲ ಸೇರಿ ಸೈಕಲ್ಲಿನ ಬೆಲೆಯ ಮುಕ್ಕಾಲು ಪಾಲನ್ನು ನುಂಗಿದವು. ದೀಪದಿಂದ ನಾನು ಚೆನ್ನಾಗಿ ಕಾಣುತ್ತಿದ್ದೆನಾದರೂ, ಸವರಿಕೊಂಡು ಹೋಗುವವರಲ್ಲಿ ಹೆಚ್ಚಿನವರು ನನ್ನನ್ನು ಕಂಡೇ ಹಾಗೆ ಮಾಡುತ್ತಿದ್ದರು. ದೃಶ್ಯಗಳನ್ನು ಲಗತ್ತಿಸಿ ಮೂರು ಸಲ ದೂರು ಕೊಟ್ಟೆ, ಒಂದಕ್ಕೂ ಉತ್ತರ ಬರಲಿಲ್ಲ. ಸಿಗ್ನಲ್ಲಿನಲ್ಲಿ ಒಬ್ಬ ಚಾಲಕನೊಡನೆ ಜಗಳವಾಡಿದ ದಿನ, ಅವನು ಮುಂದಿನ ಅರ್ಧ ಕಿಲೋಮೀಟರ್ ನನ್ನ ಹಿಂದಿನ ಚಕ್ರಕ್ಕೆ ತಾಗುವಷ್ಟು ಹತ್ತಿರದಲ್ಲೇ ಬಂದ.

ಒಂದು ಸಂಜೆ ವ್ಯಾನಿನ ಕನ್ನಡಿ ಹ್ಯಾಂಡಲಿನ ತುದಿಗೆ ಟಕ್ಕೆಂದು ತಾಗಿತು. ಮನೆಗೆ ಬಂದು ನೋಡಿದರೆ ಹಿಡಿಯ ರಬ್ಬರ್ ಉಗುರಿನಷ್ಟು ಕಿತ್ತುಹೋಗಿತ್ತು. ಅಂದೇ ಟೇಪು ಹಿಡಿದು ಲೆಕ್ಕ ಹಾಕಿದೆ. ಪಥದ ಅಗಲ ಸುಮಾರು 3 ಮೀಟರ್, ಕನ್ನಡಿಗಳೂ ಸೇರಿ ಕಾರಿನ ಅಗಲ ಹತ್ತಿರ ಹತ್ತಿರ 2 ಮೀಟರ್. ನಾನು ಅಂಚಿಗೆ ಅಂಟಿಕೊಂಡಿದ್ದರೆ ಹ್ಯಾಂಡಲಿನ ಹೊರತುದಿ 65 ಸೆಂಟಿಮೀಟರಿಗೇ ಮುಗಿಯುತ್ತದೆ. ಉಳಿದ ಜಾಗದಲ್ಲಿ ಕಾರು ಹೇಗೋ ನುಸುಳಬಹುದು, ಹಾಗಾಗಿ ಚಾಲಕ ಪಥ ಬದಲಿಸುವ ಗೋಜಿಗೇ ಹೋಗುವುದಿಲ್ಲ. ಆ ಆಸೆಯನ್ನು ಅವನಿಗೆ ಹುಟ್ಟಿಸುತ್ತಿದ್ದವನು ನಾನೇ.

ನಡುವಿಗೆ ಬರುವುದಕ್ಕಿಂತ ಯಾವಾಗ ಬರುತ್ತೇವೆ ಎಂಬುದೇ ಮುಖ್ಯ. ಗಂಟೆಗೆ 50 ಕಿ.ಮೀ. ವೇಗದ ವಾಹನ ಸೆಕೆಂಡಿಗೆ 14 ಮೀಟರ್ ಸಾಗುತ್ತದೆ, 18ರಲ್ಲಿ ತುಳಿಯುವ ನಾನು 5 ಮೀಟರ್. ಐವತ್ತು ಮೀಟರಿನ ಅಂತರ ಐದಾರು ಸೆಕೆಂಡಿನಲ್ಲಿ ಕರಗುತ್ತದೆ. ಆದ್ದರಿಂದ ಅದಕ್ಕೂ ಬಹಳ ಮುಂಚೆಯೇ ಹಿಂತಿರುಗಿ ಚಾಲಕನ ಮುಖ ನೋಡಿ, ಕೈ ತೋರಿಸಿ, ನಿಧಾನವಾಗಿ ಒಳಗೆ ಸರಿಯುತ್ತೇನೆ. ಕಿರಿದು ಮುಗಿದ ಕೂಡಲೇ ಪಕ್ಕಕ್ಕೆ ಸರಿದು, ಕಾದವರಿಗೆ ಕೈಯೆತ್ತಿ ಕೃತಜ್ಞತೆ ತಿಳಿಸುತ್ತೇನೆ. ಹಿಂತಿರುಗಿ ನೋಡುವಾಗ ಸೈಕಲ್ಲನ್ನು ಬೇಕೆಂದೇ ಎಷ್ಟು ಆಡಿಸುತ್ತೇನೆ ಎಂಬುದನ್ನು ಮಾತ್ರ ಬರೆಯಲಾರೆ, ಅದನ್ನು ಜೊತೆಯಲ್ಲಿ ಬಂದು ನೋಡಿಯೇ ಕಲಿಯಬೇಕು.

ಈ ಮಧ್ಯೆ ಒಂದು ಪ್ರಯೋಗವನ್ನೂ ಮಾಡಿದೆ. ಕ್ಯಾರಿಯರಿಗೆ ಅಡ್ಡಲಾಗಿ ಬಣ್ಣದ ಪಟ್ಟಿಯಿದ್ದ ಕೋಲು ಕಟ್ಟಿದೆ. ವಾಹನಗಳು ದೂರ ಸರಿದವು ನಿಜ, ಆದರೆ ಅದು ದಾರಿಹೋಕರೊಬ್ಬರ ತೋಳಿಗೆ ತಾಗಿದ್ದರಿಂದ ವಾರದೊಳಗೆ ಬಿಚ್ಚಿಹಾಕಿದೆ.

ಗೆಳೆಯರು ನನ್ನೆದುರು ಹಿಡಿದ ದೊಡ್ಡ ಅಸ್ತ್ರ ಬ್ರಿಟನ್ನಿನ ಮನಶ್ಶಾಸ್ತ್ರಜ್ಞ ಇಯಾನ್ ವಾಕರ್ ಅವರ ಅಧ್ಯಯನ. ತಮ್ಮ ಸೈಕಲ್ಲಿಗೆ ದೂರ ಅಳೆಯುವ ಉಪಕರಣ ಅಳವಡಿಸಿ, 2,300ಕ್ಕೂ ಹೆಚ್ಚು ಓವರ್‌ಟೇಕ್‌ಗಳನ್ನು ದಾಖಲಿಸಿದ ಅವರಿಗೆ, ಅಂಚಿನಿಂದ ದೂರ ಸರಿದಷ್ಟೂ ವಾಹನಗಳು ಹತ್ತಿರದಿಂದಲೇ ಹೋದದ್ದು ಕಂಡಿತ್ತು. ಅರ್ಧಂಬರ್ಧ ಒಳಗೆ ಬಂದಾಗ ನನಗೂ ಹಾಗೆಯೇ ಆಗಿತ್ತು. ಪೂರ್ತಿ ನಡುವಿಗೆ ಬಂದ ಮೇಲೆ, ವಾರಕ್ಕೆ ಇಪ್ಪತ್ತರಷ್ಟಿದ್ದ ಸವರಿಕೆಗಳು ನನ್ನ ನೆನಪಿನಂತೆ ಎರಡು ಮೂರಕ್ಕೆ ಇಳಿದವು.

ಹಾರ್ನ್ ಮಾತ್ರ ಹೆಚ್ಚಾಯಿತು, ಅದಕ್ಕೆ ಕಿವಿಗೊಡದಿರಲು ಎರಡು ತಿಂಗಳು ಬೇಕಾಯಿತು. ಏರು ರಸ್ತೆಯಲ್ಲಿ ನನ್ನ ವೇಗ ಎಂಟಕ್ಕಿಳಿದು ಹಿಂದೆ ಮೂರು ವಾಹನ ಸೇರಿದರೆ, ಜಾಗ ಸಿಕ್ಕಲ್ಲಿ ಕಾಲೂರಿ ನಿಂತು ಅವನ್ನೆಲ್ಲ ಮುಂದೆ ಬಿಟ್ಟು ಮತ್ತೆ ನಡುವಿಗೆ ಹತ್ತುತ್ತೇನೆ.