ನೇತ್ರಾಣಿಯಲ್ಲಿ ಮೀನಿನ ವಿಡಿಯೋ ಮಾಡಲು ಹೊರಟವರಿಗೆ

ಮುರುಡೇಶ್ವರದ ಹತ್ತಿರದ ನೇತ್ರಾಣಿ ದ್ವೀಪದಲ್ಲಿ ಡೈವ್ (ಸಿಲಿಂಡರ್ ಕಟ್ಟಿಕೊಂಡು ಮುಳುಗುವುದು) ಮುಗಿಸಿ ಅವತ್ತೇ ಸಂಜೆ ಶಿರಸಿಗೆ ಹೋಗುವ ದೇವಿಮನೆ ಘಟ್ಟ ಹತ್ತಬೇಡಿ. ಕ್ಯಾಮೆರಾ ವಿಷಯ ಆಮೇಲೆ ಹೇಳುತ್ತೇನೆ, ಮೊದಲು ಇದು ತಲೆಯಲ್ಲಿರಲಿ.

ಸಮುದ್ರದಲ್ಲಿ 10 ಮೀಟರ್ ಇಳಿದರೆ ಮೈಮೇಲಿನ ಒತ್ತಡ ದುಪ್ಪಟ್ಟಾಗುತ್ತದೆ. ಸಿಲಿಂಡರಿನ ಗಾಳಿಯಲ್ಲಿರುವ ನೈಟ್ರೋಜನ್ ರಕ್ತದಲ್ಲಿ ಕರಗುತ್ತದೆ. ಮೇಲೆ ಬಂದಮೇಲೂ ಅದು ಗಂಟೆಗಟ್ಟಲೆ ಸ್ವಲ್ಪ ಸ್ವಲ್ಪವೇ ಹೊರಗೆ ಹೋಗುತ್ತಿರುತ್ತದೆ. ಅಷ್ಟರೊಳಗೆ ಎತ್ತರದ ಜಾಗಕ್ಕೆ ಹೋದರೆ ಹೊರಗಿನ ಒತ್ತಡ ಇಳಿದು, ಗೋಲಿಸೋಡಾ ಒಡೆದ ಹಾಗೆ ಮೈಯೊಳಗೇ ಗುಳ್ಳೆ ಏಳಬಹುದು. ಕೀಲುನೋವಿನಿಂದ ಹಿಡಿದು ಕೈಕಾಲು ಸ್ವಾಧೀನ ತಪ್ಪುವವರೆಗೆ ಏನು ಬೇಕಾದರೂ ಆದೀತು. ಡೈವರ್‌ಗಳ ಸುರಕ್ಷತೆ ನೋಡುವ ಸಂಸ್ಥೆ ಡೈವರ್ಸ್ ಅಲರ್ಟ್ ನೆಟ್‌ವರ್ಕ್‌ನ ಸಲಹೆ ಹೀಗಿದೆ: ಒಂದೇ ಡೈವ್ ಆಗಿದ್ದರೆ 12 ಗಂಟೆ, ಎರಡು ಅಥವಾ ಜಾಸ್ತಿ ಆಗಿದ್ದರೆ 18 ಗಂಟೆ ವಿಮಾನ ಹತ್ತಬಾರದು. ಈ ಲೆಕ್ಕ ಶುರುವಾಗುವುದೇ ಸುಮಾರು 600 ಮೀಟರ್ ಎತ್ತರದಿಂದ. ನಮ್ಮ ಶಿರಸಿ ಹೆಚ್ಚೂಕಡಿಮೆ ಆ ಅಂಚಿನಲ್ಲೇ ಇದೆ. ಬೆಂಗಳೂರು 900 ಮೀಟರ್. ಭಾನುವಾರ ಎರಡು ಡೈವ್ ಮಾಡಿ ಅದೇ ರಾತ್ರಿ ಬಸ್ಸಿಗೆ ಬೆಂಗಳೂರಿಗೆ ಹೊರಡುವ ಹುಡುಗರನ್ನು ಕಂಡರೆ ನನಗೆ ಸಿಟ್ಟೇ ಬರುತ್ತದೆ. ನಾನಂತೂ ಮುರುಡೇಶ್ವರದಲ್ಲೇ ಉಳಿದು, ಮರುದಿನ ನಿಧಾನಕ್ಕೆ ತಿಂಡಿ ತಿಂದು ಘಟ್ಟ ಹತ್ತುವವಳು.

ಬ್ಯಾಂಕಿನ ನೌಕರಿಯಲ್ಲಿ ಬೆಂಗಳೂರಿಗೆ ವರ್ಗವಾದಾಗ ಜಕ್ಕೂರಿನಲ್ಲಿ ಮೈಕ್ರೋಲೈಟ್ ಎಂಬ ಪುಟ್ಟ ವಿಮಾನ ಹಾರಿಸುವ ಹುಚ್ಚು ಹತ್ತಿತು. ಡೈವಿಂಗ್ ಅದರ ಬೆನ್ನಿಗೇ ಬಂತು. ನಿವೃತ್ತಿಯಾದಮೇಲೆ ಕ್ಯಾಮೆರಾ ಸೇರಿಕೊಂಡಿತು. ಹಾಗಾಗಿ ಈ ಗಂಟೆಗಳ ಲೆಕ್ಕ ನನಗೆ ಬಾಯಿಪಾಠ. ಎರಡೂ ಹುಚ್ಚು ಇರುವವರು ಹಾರುವುದನ್ನು ಮೊದಲು ಮುಗಿಸಿಕೊಳ್ಳಿ, ಮುಳುಗುವುದು ಆಮೇಲೆ.

ವಯಸ್ಸಾಯಿತು ಅಂತ ಹಿಂಜರಿಯಬೇಕಿಲ್ಲ. ಆದರೆ 45 ದಾಟಿದವರಿಗೆ ಬಿಪಿ, ಕೊಲೆಸ್ಟರಾಲ್, ಸಿಗರೇಟು ಇದ್ದರೆ ಡಾಕ್ಟರ ಸಹಿ ಬೇಕು. ಡೈವಿಗೆ ಮೊದಲು ತುಂಬುವ ಆರೋಗ್ಯದ ಫಾರಂನಲ್ಲಿ ಸುಮ್ನೆ ‘ಇಲ್ಲ’ ಅಂತ ಗೀಚಬೇಡಿ. ಶೀತ ಆಗಿದ್ದರೆ ಅವತ್ತಿನ ಡೈವ್ ಬಿಟ್ಟುಬಿಡಿ, ಕಿವಿ ಒತ್ತಡ ಸರಿಹೋಗುವುದಿಲ್ಲ.

ಮಳೆಗಾಲದಲ್ಲಿ ಇಲ್ಲಿ ಡೈವಿಂಗ್ ಇಲ್ಲ. ವಿಡಿಯೋಗೆ ಡಿಸೆಂಬರ್, ಜನವರಿ ಒಳ್ಳೆಯದು. ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿ ತಂದು ಸುರಿದ ಮಣ್ಣು ಅಷ್ಟರಲ್ಲಿ ತಳ ಸೇರಿರುತ್ತದೆ. ನೇತ್ರಾಣಿ ದಡದಿಂದ ಸುಮಾರು 19 ಕಿಲೋಮೀಟರ್ ದೂರ ಇರುವುದರಿಂದಲೇ ನೀರು ಅಷ್ಟು ತಿಳಿ. ದೋಣಿಯಲ್ಲಿ ಹೊಟ್ಟೆ ತೊಳಸುವವರು ಖಾಲಿ ಹೊಟ್ಟೆಯಲ್ಲಿ ಹತ್ತಬೇಡಿ. ಎರಡು ಇಡ್ಲಿ ಸಾಕು, ಬನ್ಸು ಬೇಡ.

ಇನ್ನು ಕ್ಯಾಮೆರಾ. ಗೋಪ್ರೋ ಥರದ್ದು 10 ಮೀಟರ್‌ವರೆಗೆ ಹಾಗೇ ಇಳಿಯುತ್ತದೆ, ಆದರೂ ಹೌಸಿಂಗ್, ಅಂದರೆ ನೀರು ಒಳಬಾರದ ಕವಚ, ಹಾಕಿ. ಹೌಸಿಂಗಿನ ಜೀವ ಇರುವುದು ಅದರ ರಬ್ಬರ್ ಓ-ರಿಂಗ್‌ನಲ್ಲಿ. ಹಿಂದಿನ ರಾತ್ರಿ ಫ್ಯಾನ್ ಆರಿಸಿ, ದೀಪದ ಕೆಳಗೆ ಕೂತು ಅದನ್ನು ಬೆರಳಲ್ಲೇ ಬಿಡಿಸಿಕೊಳ್ಳಿ. ಪಿನ್ನು ಬೇಡ, ಗೀರು ಬೀಳುತ್ತದೆ. ಎರಡು ಬೆರಳ ನಡುವೆ ಇಡೀ ಸುತ್ತು ಎಳೆಯಿರಿ. ಮರಳಿನ ಒಂದು ಕಣ, ತಲೆಗೂದಲಿನ ಒಂದು ಎಳೆ ಇದ್ದರೂ ಬೆರಳಿಗೆ ತಿಳಿಯುತ್ತದೆ, ಕಣ್ಣಿಗಲ್ಲ. ಅಷ್ಟು ಸಾಕು ನೀರು ನುಗ್ಗಲು. ಹೊಳಪು ಬರುವಷ್ಟು ಸಿಲಿಕೋನ್ ಗ್ರೀಸ್ ಸವರಿ, ಮೆತ್ತಬೇಡಿ. ಒಳಗೆ ಸಿಲಿಕಾ ಜೆಲ್ ಪೊಟ್ಟಣ ಹಾಕಿ, ಇಲ್ಲದಿದ್ದರೆ ಗಾಜು ಮಬ್ಬಾಗುತ್ತದೆ. ಹೊಸ ಹೌಸಿಂಗ್ ಆದರೆ ಮೊದಲ ಡೈವಿಗೆ ಕ್ಯಾಮೆರಾ ಇಲ್ಲದೆ, ಒಳಗೆ ಟಿಶ್ಯೂ ಕಾಗದ ಇಟ್ಟು ಒಯ್ಯಿರಿ. ಕಾಗದ ಒಣಗಿದ್ದರೆ ಮುಂದಿನ ಮಾತು.

ನೀರು ಮೊದಲು ನುಂಗುವುದು ಕೆಂಪು ಬಣ್ಣವನ್ನು. ಐದಾರು ಮೀಟರಿಗೇ ಅದು ಮಂಕಾಗುತ್ತದೆ. ಹದಿನೈದರಲ್ಲಿ ನನ್ನ ಕೆಂಪು ನೈಲ್‌ಪಾಲಿಶ್ ಕಪ್ಪುಗಂದು ಆಗಿರುತ್ತದೆ, ಟಾರ್ಚ್ ಬಿಟ್ಟ ತಕ್ಷಣ ಮತ್ತೆ ಕೆಂಪು. ಅದಕ್ಕೇ ವಿಡಿಯೋ ಎಲ್ಲ ಹಸಿರು-ನೀಲಿಯಾಗಿ ಬರುವುದು. ಬಿಸಿಲಲ್ಲಿ ಶೂಟ್ ಮಾಡುವುದಾದರೆ ಕೆಂಪು ಫಿಲ್ಟರ್ ಹಾಕಿ. ಲೈಟ್ ಹಚ್ಚುವುದಾದರೆ ಫಿಲ್ಟರ್ ತೆಗೆಯಿರಿ, ಎರಡೂ ಸೇರಿದರೆ ಮೀನು ಕುಂಕುಮ ಬಳಿದುಕೊಂಡಂತೆ ಕಾಣುತ್ತದೆ. ಲೈಟನ್ನು ಲೆನ್ಸಿನ ಪಕ್ಕಕ್ಕೇ ಅಂಟಿಸಬೇಡಿ. ನೀರಿನ ಕಸವೆಲ್ಲ ಬೆಳಕಿಗೆ ಸಿಕ್ಕು ವಿಡಿಯೋ ತುಂಬ ಬಿಳಿ ಚುಕ್ಕೆಗಳಾಗುತ್ತವೆ. ಕ್ಯಾಮೆರಾಕ್ಕೆ ಜೋಡಿಸುವ ಉದ್ದನೆಯ ಹಿಡಿಗೆ ಕಟ್ಟಿ ಎರಡೂ ಬದಿಗೆ ದೂರ ಇಡಿ.

ಜೂಮ್ ಮರೆತುಬಿಡಿ. ಹತ್ತಿರ ಹೋಗಿ, ಒಂದು ಮೀಟರ್ ಒಳಗೆ. ಮೀನು ನಿಜಕ್ಕಿಂತ ಹತ್ತಿರ ಕಾಣುತ್ತದೆ, ಇನ್ನೂ ಸ್ವಲ್ಪ ಮುಂದೆ ಹೋಗಬೇಕು ಅಂತಲೇ ಇಟ್ಟುಕೊಳ್ಳಿ. ಆದರೆ ಬೆನ್ನಟ್ಟಬೇಡಿ. ಬೆನ್ನಟ್ಟಿದವರಿಗೆ ಸಿಗುವುದು ಬಾಲ ಮಾತ್ರ. ಬಂಡೆಯ ಪಕ್ಕ ತೇಲುತ್ತ ಕಾದರೆ ಚಿಟ್ಟೆಮೀನು ತಾನಾಗಿ ಬರುತ್ತದೆ. ಹವಳ ಹಿಡಿದುಕೊಂಡು ನಿಲ್ಲುವವರು ಮೊದಲು ತೇಲುವುದನ್ನು ಕಲಿತು ಬನ್ನಿ. ಒಂದೊಂದು ಶಾಟ್ ಹತ್ತು ಸೆಕೆಂಡ್ ಅಲ್ಲಾಡದೆ ಹಿಡಿಯಿರಿ, ಮೊಣಕೈ ಪಕ್ಕೆಗೆ ಒತ್ತಿ. ಅಲ್ಲಾಡಬಾರದು ಅಂತ ಉಸಿರು ಮಾತ್ರ ಕಟ್ಟಬೇಡಿ. ಉಸಿರು ಕಟ್ಟಿ ಮೇಲೆ ಬಂದರೆ ಶ್ವಾಸಕೋಶ ಹರಿದುಹೋಗಬಹುದು.

ಕ್ಯಾಮೆರಾ ಕೈಯಲ್ಲಿದ್ದರೆ ಸಿಲಿಂಡರಿನಲ್ಲಿ ಗಾಳಿ ಎಷ್ಟಿದೆ ಅಂತ ತೋರಿಸುವ ಗೇಜ್ ಮರೆಯುತ್ತದೆ. ನನ್ನ ತಂಗಿಯ ಮಗ ಜೊತೆಗೆ ಇಳಿಯುತ್ತಾನೆ. “ದೊಡ್ಡಮ್ಮಾ, ನೀವು ಮೀನು ನೋಡಿ, ಗೇಜ್ ನಾನು ನೋಡ್ತೇನೆ” ಎನ್ನುತ್ತಾನೆ. ಪ್ರೀತಿಯ ಮಾತು, ಆದರೆ ಒಪ್ಪಬೇಡಿ. ಪ್ರತಿ ಶಾಟಿನ ಮೊದಲು ಒಮ್ಮೆ, ಆಮೇಲೆ ಒಮ್ಮೆ ನಿಮ್ಮದನ್ನು ನೀವೇ ನೋಡಿ. ದೋಣಿಗೆ ಬಂದಾಗ ಸಿಲಿಂಡರಿನಲ್ಲಿ 50 ಬಾರ್ ಒತ್ತಡದಷ್ಟು ಗಾಳಿ ಉಳಿದಿರಬೇಕು. ಬರುವಾಗ ನೈಟ್ರೋಜನ್ ಹೊರಹೋಗಲಿ ಅಂತ 5 ಮೀಟರ್ ಆಳದಲ್ಲಿ 3 ನಿಮಿಷ ನಿಲ್ಲುತ್ತೀರಲ್ಲ, ಆಗ ಕ್ಯಾಮೆರಾ ಬಂದ್.

ದಡಕ್ಕೆ ಬಂದವರೇ ಹೌಸಿಂಗ್ ತೆರೆದು ವಿಡಿಯೋ ನೋಡುವ ಆಸೆ ಆಗುತ್ತದೆ. ತಡೆಯಿರಿ. ಬಕೆಟ್ ಸಿಹಿನೀರಲ್ಲಿ ಅರ್ಧ ಗಂಟೆ ನೆನೆಸಿ, ನೀರೊಳಗೇ ಎಲ್ಲ ಬಟನ್ ಒತ್ತಿ ಒತ್ತಿ ಬಿಡಿ, ಉಪ್ಪು ಅಲ್ಲೇ ಕೂತಿರುತ್ತದೆ. ಒರೆಸಿ, ನೆರಳಲ್ಲಿ ಒಣಗಿಸಿ, ಮುಖ ಕೆಳಗೆ ಮಾಡಿ ತೆರೆಯಿರಿ. ಹೇಗೂ ಆ ರಾತ್ರಿ ಮುರುಡೇಶ್ವರದಲ್ಲೇ ಇರುತ್ತೀರಿ, ಅಲ್ವಾ?