ದಸರೆಗೆ ಮಕ್ಕಳ ಖರ್ಚು: ಯಾವುದಕ್ಕೆ ಟಿಕೆಟ್ ತಗೊಳ್ತೀನಿ, ಯಾವುದಕ್ಕೆ ಇಲ್ಲ

ಮೈಸೂರಿನಲ್ಲಿ ಮನೆ ಇದ್ದವರಿಗೆ ಸೆಪ್ಟೆಂಬರ್ ಬಂತು ಅಂದರೆ ಫೋನು ಶುರು. ಬೆಂಗಳೂರಿನ ನಾದಿನಿ, ಹಾಸನದ ಚಿಕ್ಕಮ್ಮನ ಮಗಳು, ನಮ್ಮೆಜಮಾನರ ಆಫೀಸಿನವರು, ಎಲ್ಲರದ್ದೂ ಹೆಚ್ಚುಕಡಿಮೆ ಅದೇ ಪ್ರಶ್ನೆಗಳು. ಮಕ್ಕಳನ್ನು ಕರೆದುಕೊಂಡು ಬರ್ತಾ ಇದ್ದೀವಿ, ಗೋಲ್ಡ್ ಕಾರ್ಡ್ ತಗೊಳ್ಳೋದಾ? ಆ ದಸರಾ ಕ್ಯಾಂಪ್ ಪರವಾಗಿಲ್ವಾ? ಎಕ್ಸಿಬಿಷನ್‌ಗೆ ಹೋಗಲೇಬೇಕಾ? ನನ್ನ ಮಗಳಿಗೆ ಈಗ ಹತ್ತು ವರ್ಷ, ಮಗನಿಗೆ ಐದು. ನೆಂಟರ ಮಕ್ಕಳನ್ನೂ ಸೇರಿಸಿಕೊಂಡು ಊರು ಸುತ್ತಿಸುವ ಕೆಲಸ ಪ್ರತಿ ವರ್ಷ ನನ್ನ ತಲೆಗೇ ಬರುತ್ತದೆ. ಒಬ್ಬೊಬ್ಬರಿಗೂ ಫೋನಿನಲ್ಲಿ ಹೇಳುವ ಬದಲು ಎಲ್ಲವನ್ನೂ ಬರೆದೇ ಬಿಡುತ್ತೇನೆ.

ನಾನು ಮೊದಲು ನೋಡುವುದು ರೇಟನ್ನಲ್ಲ. ದುಡ್ಡು ಕೊಟ್ಟ ಮೇಲೆ ಮಗು ಎಷ್ಟು ಹೊತ್ತು ಸುಮ್ನೆ ಕಾಯಬೇಕು, ಎಷ್ಟು ಹೊತ್ತು ಅದರ ಕೈಗೋ ಕಣ್ಣಿಗೋ ಕೆಲಸ ಸಿಗುತ್ತದೆ, ಅಷ್ಟೇ. ಈ ಲೆಕ್ಕ ಹಾಕಿದರೆ ದಸರೆಯ ಅತಿ ದುಬಾರಿ ಟಿಕೆಟ್ಟು ಚಿಕ್ಕ ಮಕ್ಕಳಿಗೆ ಅತಿ ಕೆಟ್ಟ ಟಿಕೆಟ್ಟು. ಜಂಬೂ ಸವಾರಿಯ ಗೋಲ್ಡ್ ಕಾರ್ಡ್ ವಿಷಯ ಹೇಳುತ್ತಿದ್ದೇನೆ.

2024ರಲ್ಲಿ ಅದು ಒಬ್ಬರಿಗೆ ಆರೂವರೆ ಸಾವಿರ ಇತ್ತು. ಅರಮನೆ ಒಳಗೆ ಕೂತು ಸವಾರಿ ನೋಡಬಹುದು, ಸಂಜೆ ಬನ್ನಿಮಂಟಪದಲ್ಲಿ ಪಂಜಿನ ಕವಾಯತನ್ನೂ ನೋಡಬಹುದು. ದೊಡ್ಡವರಿಗೆ, ಅದರಲ್ಲೂ ಒಂದೇ ಸಲ ನೋಡುವ ಆಸೆ ಇರುವವರಿಗೆ, ಕೊಟ್ಟ ದುಡ್ಡು ದಂಡ ಅಂತ ನಾನು ಹೇಳುವುದಿಲ್ಲ. ಆದರೆ ಐದು ವರ್ಷದ ಮಗುವಿನ ಜೊತೆ ಅಂದರೆ ಕಥೆ ಬೇರೆ. ಒಳ್ಳೆ ಜಾಗ ಬೇಕಾದರೆ ಮಧ್ಯಾಹ್ನದ ಒಳಗೇ ಹೋಗಿ ಕೂರಬೇಕು. ಬಿಸಿಲು. ಅಂಬಾರಿಯಲ್ಲಿನ ಚಾಮುಂಡೇಶ್ವರಿಗೆ ಪುಷ್ಪಾರ್ಚನೆ ಆಗೋದು ಮುಹೂರ್ತ ನೋಡಿ, ಸಾಮಾನ್ಯವಾಗಿ ಸಂಜೆ ಹತ್ತಿರ. ಅದಕ್ಕೆ ಮುಂಚೆ ಕಲಾತಂಡಗಳು, ಜಿಲ್ಲೆಗೊಂದರ ಹಾಗೆ ಸ್ತಬ್ಧಚಿತ್ರಗಳು ಒಂದರ ಹಿಂದೆ ಒಂದು ಬರುತ್ತವೆ. ನಮಗೆ ಚೆಂದ. ಮಗು ಮಾತ್ರ ಹತ್ತನೇ ಸ್ತಬ್ಧಚಿತ್ರ ಬರುವಷ್ಟರಲ್ಲಿ 'ಆನೆ ಯಾವಾಗ ಬರುತ್ತಮ್ಮ' ಅಂತ ಕೇಳಿ ಕೇಳಿ ನಿದ್ದೆ ಹೋಗಿರುತ್ತದೆ, ಇಲ್ಲಾ ಒಂದಕ್ಕೆ ಹೋಗಬೇಕು ಅನ್ನುತ್ತದೆ, ಆ ಜನಸಾಗರದಲ್ಲಿ ಎದ್ದು ಹೋದರೆ ವಾಪಸ್ಸು ಅದೇ ಕುರ್ಚಿ ಸಿಗುವ ಭರವಸೆ ಯಾರಿಗೂ ಇಲ್ಲ. ಕೊನೆಗೆ 750 ಕೆಜಿ ಚಿನ್ನದ ಅಂಬಾರಿ ಹೊತ್ತ ಆನೆ ಮುಂದೆ ಬಂದಾಗ ಮುಂದಿನವರೆಲ್ಲ ಎದ್ದು ನಿಂತು ಮೊಬೈಲ್ ಎತ್ತುತ್ತಾರೆ. ಮಗುವಿಗೆ ಕಾಣೋದು ಅವರ ಬೆನ್ನು. ಗಲಾಟೆ ಮಾಡಿದರೆ ಯಾರೂ ಕೂರುವುದಿಲ್ಲ, ಬಿಡಿ.

ಹಾಗಂತ ಸಯ್ಯಾಜಿರಾವ್ ರಸ್ತೆಯ ಹಳೇ ಕಟ್ಟಡಗಳ ಮೇಲೆ ಹತ್ತಿಸಬೇಡಿ. ಜಾಗ ಕೊಡ್ತೀವಿ, ಇಷ್ಟು ಕೊಡಿ ಅನ್ನೋರೂ ಸಿಗುತ್ತಾರೆ. ಶಿಥಿಲ ಕಟ್ಟಡ ಹತ್ತಬೇಡಿ ಅಂತ ಎಚ್ಚರಿಸುವುದು ಸುಮ್ಮನಲ್ಲ. 2012ರಲ್ಲಿ ಅದೇ ಆಸುಪಾಸಿನ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ ಕುಸಿದು ಜನ ಸತ್ತಿದ್ದಾರೆ.

ಹಾಗಾದರೆ ಮಕ್ಕಳಿಗೆ ಆನೆ ತೋರಿಸೋದು ಹೇಗೆ? ತಾಲೀಮಿಗೆ ಬನ್ನಿ. ಹೊರಗಿನವರಿಗೆ ಇದು ಅಷ್ಟಾಗಿ ಗೊತ್ತೇ ಇರುವುದಿಲ್ಲ. ಹುಣಸೂರು ತಾಲ್ಲೂಕಿನ ವೀರನಹೊಸಹಳ್ಳಿಯಿಂದ ಗಜಪಯಣ ಹೊರಟು ಆನೆಗಳು ಆಗಸ್ಟ್-ಸೆಪ್ಟೆಂಬರ್ ಹೊತ್ತಿಗೇ ಅರಮನೆ ಆವರಣ ಸೇರುತ್ತವೆ. ಅಲ್ಲಿಂದ ಮುಂದೆ ಬೆಳಗ್ಗೆ ಒಂದು ಸಲ, ಸಂಜೆ ಒಂದು ಸಲ, ಜಂಬೂ ಸವಾರಿಯ ಅದೇ ದಾರಿಯಲ್ಲಿ ನಡಿಗೆ. ಅರಮನೆಯಿಂದ ಕೆ.ಆರ್. ಸರ್ಕಲ್, ಸಯ್ಯಾಜಿರಾವ್ ರಸ್ತೆ, ಆಯುರ್ವೇದ ಆಸ್ಪತ್ರೆ ಸರ್ಕಲ್, ಬಂಬೂ ಬಜಾರ್, ಬನ್ನಿಮಂಟಪ. ಸುಮಾರು ಐದು ಕಿಲೋಮೀಟರ್. ಟಿಕೆಟ್ ಇಲ್ಲ, ಪಾಸ್ ಇಲ್ಲ. ನೀವು ಮಾಡಬೇಕಾದ್ದು ಇಷ್ಟೇ, ಬೆಳಗ್ಗೆ ಏಳರ ಸುಮಾರಿಗೆ ಮಗುವಿಗೆ ಹಾಲು ಕುಡಿಸಿ ರಸ್ತೆ ಬದಿಗೆ ಬಂದು ನಿಲ್ಲಬೇಕು.

ಇದರಲ್ಲಿ ನೋಡೋಕೆ ಎಷ್ಟಿದೆ ಅಂತೀರಿ! ಶುರುವಿನಲ್ಲಿ ಖಾಲಿ ನಡಿಗೆ. ಆಮೇಲೆ ಬೆನ್ನ ಮೇಲೆ ನಮ್ದಾ, ಗಾದಿ ಕಟ್ಟಿ ಮರಳಿನ ಮೂಟೆ ಹೊರಿಸುತ್ತಾರೆ, ದಿನ ಕಳೆದ ಹಾಗೆ ತೂಕ ಜಾಸ್ತಿ ಮಾಡುತ್ತಾ ಹೋಗುತ್ತಾರೆ, ದಸರೆ ಹತ್ತಿರ ಬಂದಾಗ ಮರದ ಅಂಬಾರಿ. ನಡುವೆ ಒಂದು ದಿನ ಧನ್ವಂತರಿ ರಸ್ತೆಯಲ್ಲಿ ಲಾರಿ ತೂಗುವ ವೇ ಬ್ರಿಡ್ಜ್ ಮೇಲೆ ಆನೆಗಳನ್ನು ನಿಲ್ಲಿಸಿ ತೂಕ ಹಾಕುತ್ತಾರೆ. ಅಂಬಾರಿ ಹೊತ್ತಿದ್ದ ಅಭಿಮನ್ಯು ಐದು ಟನ್ನಿಗೂ ಜಾಸ್ತಿ ಅಂತ ತಿಳಿದ ಮೇಲೆ ನನ್ನ ಮಗ ಸಿಕ್ಕಿದ್ದಕ್ಕೆಲ್ಲ ಅಭಿಮನ್ಯು ಲೆಕ್ಕ ಹಾಕುತ್ತಾನೆ. ನಮ್ಮ ಕಾರು ಅರ್ಧ ಅಭಿಮನ್ಯುವೂ ಇಲ್ಲವಂತೆ. ಸವಾರಿ ದಿನ ಹಾರಿಸುವ ಕುಶಾಲತೋಪಿನ ಸದ್ದಿಗೆ ಆನೆ, ಕುದುರೆ ಬೆದರಬಾರದು ಅಂತ ಸಿಡಿಮದ್ದಿನ ತಾಲೀಮು ಬೇರೆ ಇರುತ್ತದೆ, ಅದಕ್ಕೆ ಮಾತ್ರ ತೀರಾ ಚಿಕ್ಕವರನ್ನು ಕರೆದೊಯ್ಯಬೇಡಿ, ಸದ್ದು ಎದೆಗೆ ಬಡಿಯುತ್ತದೆ. ಭತ್ತ, ಬೆಲ್ಲ, ತೆಂಗಿನಕಾಯಿ ಎಲ್ಲ ಹುಲ್ಲಿನಲ್ಲಿ ಸುತ್ತಿ ಆನೆಗೆ ಕೊಡುವ ಕುಸುರೆ, ಮಾವುತ ಯಾರು ಕಾವಾಡಿ ಯಾರು, ಪಕ್ಕದಲ್ಲಿ ನಡೆಯುವ ಹೆಣ್ಣಾನೆಗಳ ಕೆಲಸ ಏನು, ಇದೆಲ್ಲ ನನ್ನ ಮಗಳು ರಸ್ತೆ ಬದಿಯಲ್ಲಿ ನಿಂತೇ ಕಲಿತದ್ದು. ಮಾವುತರ ಮಕ್ಕಳಿಗೆ ಅರಮನೆ ಆವರಣದಲ್ಲೇ ಟೆಂಟ್ ಶಾಲೆ ನಡೆಯುತ್ತದೆ ಅಂತ ಗೊತ್ತಾದಾಗ ಅವಳಿಗೂ ಅಲ್ಲೇ ಸೇರಬೇಕು ಅನ್ನಿಸಿತ್ತು.

ಒಂದು ಎಚ್ಚರ. ಸೆಲ್ಫಿಗೆ ಹತ್ತಿರ ಹೋಗಬೇಡಿ. 2024ರಲ್ಲಿ ಒಂದು ರಾತ್ರಿ ಧನಂಜಯ, ಕಂಜನ್ ಎರಡು ಆನೆ ಜಗಳ ಆಡಿಕೊಂಡು ಅರಮನೆಯಿಂದ ರಸ್ತೆಗೇ ಓಡಿ ಬಂದಿದ್ದವು. ಯಾರಿಗೂ ಏನೂ ಆಗಲಿಲ್ಲ, ಆದರೂ ಆನೆ ಆನೆಯೇ ಅಲ್ವಾ.

ಇನ್ನು ಕ್ಯಾಂಪ್, ವರ್ಕ್‌ಶಾಪ್‌ಗಳು. ಇಲ್ಲೇ ಜನ ಜಾಸ್ತಿ ದುಡ್ಡು ಕಳೆದುಕೊಳ್ಳೋದು. ದಸರಾ ರಜೆ ಶುರುವಾದರೆ ಗೊಂಬೆಗೆ ಬಣ್ಣ ಹಚ್ಚುವುದು, ಮಕ್ಕಳ ದಾಂಡಿಯಾ, ಮಣ್ಣಿನ ಕೆಲಸ, ಅದೂ ಇದೂ ಅಂತ ವಾಟ್ಸಾಪ್ ತುಂಬಾ ಬಣ್ಣಬಣ್ಣದ ಪೋಸ್ಟರ್. ಮಗಳನ್ನು ಒಂದು ಗೊಂಬೆ ವರ್ಕ್‌ಶಾಪ್‌ಗೆ ಕಳಿಸಿದ್ದೆ. ಕತ್ತರಿಸಿ ಪ್ರೈಮರ್ ಬಳಿದಿಟ್ಟ ಹಲಗೆ ಗೊಂಬೆ, ಮೂರು ಬಣ್ಣ, ಒಂದು ಬ್ರಷ್. ಇಪ್ಪತ್ತು ನಿಮಿಷಕ್ಕೆ ಅವಳ ಕೆಲಸ ಮುಗೀತು. ಉಳಿದ ಹೊತ್ತೆಲ್ಲ ಹೂವಿನ ಬ್ಯಾಕ್‌ಡ್ರಾಪ್ ಮುಂದೆ ಫೋಟೋ ತೆಗೆಸಿಕೊಳ್ಳಲು ಕ್ಯೂ. ಕೊಟ್ಟಿದ್ದು ಎಂಟುನೂರು. ಅದೇ ವರ್ಷ ಒಬ್ಬ ಕುಂಬಾರರ ಹತ್ತಿರ ತಿಗರಿ ಮೇಲೆ ಮಣ್ಣಿನ ಕೆಲಸ ಕಲಿಯಲು ಕಳಿಸಿದ್ದು ಅದಕ್ಕಿಂತ ಜಾಸ್ತಿ ಆಯಿತು. ಅಲ್ಲಿ ನಾಲ್ಕೈದೇ ಮಕ್ಕಳು, ಎರಡು ಗಂಟೆ ಕೈ ಮಣ್ಣಿನಲ್ಲೇ ಇತ್ತು, ಮಾಡಿದ ಕುಡಿಕೆ ಸೊಟ್ಟ, ಫ್ರಾಕ್ ಕೆಟ್ಟು ಕೆರ ಹಿಡಿದಿತ್ತು. ಆ ದುಡ್ಡು ಕೊಟ್ಟಿದ್ದಕ್ಕೆ ನನಗೆ ಇವತ್ತಿಗೂ ಹೊಟ್ಟೆ ಉರಿದಿಲ್ಲ.

ಈಗ ಯಾರೇ ಕ್ಯಾಂಪ್ ಅಂದರೂ ಫೋನು ಮಾಡಿ ಕೇಳುತ್ತೇನೆ. ಒಬ್ಬ ಟೀಚರಿಗೆ ಎಷ್ಟು ಮಕ್ಕಳು? ಅಚ್ಚಿಗೆ ಒತ್ತೋದಾ, ಕೈಯಲ್ಲಿ ಮಾಡೋದಾ? ಬೇಗ ಮುಗಿಸಿದ ಮಗುವಿಗೆ ಏನು ಕೊಡ್ತೀರಾ? ಮೂರನೇ ಪ್ರಶ್ನೆಗೆ ಆ ಕಡೆಯಿಂದ ಮೌನ ಬಂದರೆ ನಾನು ಅಲ್ಲೇ ಥ್ಯಾಂಕ್ಸ್ ಹೇಳಿ ಇಡುತ್ತೇನೆ. 'ಎಲ್ಲಾ ಮಕ್ಕಳಿಗೂ ಸರ್ಟಿಫಿಕೇಟ್ ಇದೆ ಮೇಡಂ' ಅನ್ನೋದನ್ನು ಮೊದಲು ಹೇಳಿದರಂತೂ ಮುಗೀತು.

ಆದರೆ ಇದರಲ್ಲಿ ಇನ್ನೊಂದು ಮಾತಿದೆ, ಅದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಸ್ಕೂಲಿಗೆ ರಜೆ, ನಮಗೆ ಆಫೀಸಿಗೆ ರಜೆ ಇಲ್ಲ. ಗಂಡ ಹೆಂಡತಿ ಇಬ್ಬರೂ ಕೆಲಸಕ್ಕೆ ಹೋಗುವ ಮನೆಯಲ್ಲಿ, ಅಜ್ಜಿ ತಾತನೂ ಇಲ್ಲ ಅಂದಾಗ, ಒಂದು ವಾರದ ದಸರಾ ಕ್ಯಾಂಪ್ ಅಂದರೆ ಮಗುವನ್ನು ನೋಡಿಕೊಳ್ಳುವ ಜಾಗ. ಅದಕ್ಕೆ ಮೂರು ಸಾವಿರ ಕೊಟ್ಟರೆ ನ್ಯಾಯವಾದ ರೇಟೇ. ಆಗ ನೋಡಬೇಕಾದ್ದು ಬೀಗ, ಗೇಟು, ಟಾಯ್ಲೆಟ್ಟು, ಊಟ. ಕಲೆ ಕಲಿತು ಬರಲಿ ಅಂತ ಕಾಯೋದು ಬೇಡ.

ವೇಷಭೂಷಣ ಸ್ಪರ್ಧೆಗಳ ಬಗ್ಗೆ ನನಗೆ ಒಳ್ಳೆ ಅಭಿಪ್ರಾಯ ಇಲ್ಲ. ಪ್ರವೇಶ ಶುಲ್ಕ, ಬಾಡಿಗೆ ಡ್ರೆಸ್ಸು, ಮೇಲೆ ಡಿಪಾಸಿಟ್. ಸ್ಟೇಜಿನ ಮೇಲೆ ಅರ್ಧ ನಿಮಿಷ. ಅದಕ್ಕೆ ಅಂಟಿಸಿದ ಮೀಸೆ ಕೆರೆದುಕೊಳ್ಳುತ್ತಾ ಎರಡು ಗಂಟೆ ಕೂರುವ ಪುಟಾಣಿ ಮಹಿಷಾಸುರರನ್ನು ನೋಡಿದರೆ ಪಾಪ ಅನ್ನಿಸುತ್ತದೆ. ವೇಷ ಹಾಕುವ ಆಸೆ ಇದ್ದರೆ ಮನೆಯಲ್ಲೇ ಹಾಕಿ, ಗೊಂಬೆ ನೋಡೋಕೆ ಹೋಗುವಾಗ ಹಾಗೇ ಕರೆದುಕೊಂಡು ಹೋಗಿ.

ಗೊಂಬೆ ಅಂದಾಗ ನೆನಪಾಯಿತು, ನಮ್ಮ ಮನೆಯಲ್ಲಿ ಇದಕ್ಕೇ ಜಾಸ್ತಿ ಸಮಯ ಹೋಗುತ್ತದೆ, ದುಡ್ಡು ಹೋಗುವುದು ಕಡಿಮೆ. ನನ್ನ ತವರಿನಲ್ಲಿ ಮದುವೆಗೆ ಕೊಟ್ಟ ಪಟ್ಟದ ಗೊಂಬೆ, ಅತ್ತೆಯ ಕಾಲದ ಮಣ್ಣಿನ ಸೆಟ್ಟು, ಚನ್ನಪಟ್ಟಣದ ಒಂದಷ್ಟು, ಇವೆಲ್ಲ ಮೆಟ್ಟಿಲ ಮೇಲೆ. ಅದು ನನ್ನ ಇಲಾಖೆ. ಕೆಳಗಿನ ನೆಲ ಪೂರ್ತಿ ಮಕ್ಕಳದ್ದು. ಅಲ್ಲಿ ಅವರು ಪಾರ್ಕು ಮಾಡುತ್ತಾರೆ. ಹುಲ್ಲಿಗೆ ರಾಗಿ. ಹೇಗೆ ಅಂತ ತುಂಬಾ ಜನ ಕೇಳುತ್ತಾರೆ, ಕಷ್ಟ ಏನಿಲ್ಲ. ಪಾಡ್ಯಕ್ಕೆ ಐದಾರು ದಿನ ಮುಂಚೆ ರಾಗಿಯನ್ನು ರಾತ್ರಿ ನೆನೆಹಾಕಿ. ಅಗಲವಾದ ತಟ್ಟೆಗೆ ಎರಡು ಬೆರಳು ದಪ್ಪ ಕೆಮ್ಮಣ್ಣು, ಸ್ವಲ್ಪ ಮರಳು ಬೆರೆಸಿ ಹರಡಿ. ಅದರ ಮೇಲೆ ರಾಗಿಯನ್ನು ಒತ್ತಾಗಿ ಚೆಲ್ಲಿ, ಒದ್ದೆ ಬಟ್ಟೆ ಮುಚ್ಚಿ. ಮೊಳಕೆ ಕಂಡ ಮೇಲೆ ಬಟ್ಟೆ ತೆಗೆದು ಕಿಟಕಿ ಹತ್ತಿರ ಇಡಿ. ನೀರು ಚಿಮುಕಿಸಬೇಕು, ಸುರಿಯಬಾರದು, ಸುರಿದರೆ ಬೂಷ್ಟು ಬರುತ್ತದೆ. ಬೇಗ ಎತ್ತರ ಬರಬೇಕಾದರೆ ಒಂದು ತಟ್ಟೆಗೆ ಸಾಸಿವೆ ಹಾಕಿ. ಹಬ್ಬದ ಹೊತ್ತಿಗೆ ಹಸಿರು ಹಾಸು ರೆಡಿ. ಹಳೇ ಕನ್ನಡಿ ಚೂರು ಕೊಳ ಆಗುತ್ತದೆ, ಅಂಚಿಗೆ ಟೇಪ್ ಹಾಕಿ ಕೊಡಿ. ಕಳೆದ ಸಲ ಇಬ್ಬರೂ ಸೇರಿ ದೇವರಾಜ ಮಾರ್ಕೆಟ್ ಮಾಡಿದ್ದರು, ಗೋಧಿ ಹಿಟ್ಟಿನಲ್ಲಿ ನಂಜನಗೂಡು ರಸಬಾಳೆ, ಕುಂಕುಮದ ಗುಡ್ಡೆ, ಬದನೆಕಾಯಿ. ರಜೆಯ ಸಂಜೆಗಳೆಲ್ಲ ಅದರಲ್ಲೇ ಕಳೆದವು. ಒಟ್ಟು ಖರ್ಚು ನಾನು ತಂದ ಒಂದು ಹೊಸ ಗೊಂಬೆಯ ಬೆಲೆಗಿಂತ ಕಡಿಮೆ.

ಅಪಾರ್ಟ್‌ಮೆಂಟ್‌ನಲ್ಲಿ ಇರುವವರು ಒಂದು ಕೆಲಸ ಮಾಡಿ. ಯಾರ್ಯಾರ ಮನೆಯಲ್ಲಿ ಗೊಂಬೆ ಇಟ್ಟಿದ್ದಾರೆ ಅಂತ ಒಂದು ಪಟ್ಟಿ ಹಾಕಿ, ದಿನಕ್ಕೆ ಎರಡು ಮನೆ ಅಂತ ಮಕ್ಕಳನ್ನು ಗುಂಪಾಗಿ ಕಳಿಸಿ. 'ಗೊಂಬೆ ಕೂರಿಸಿದ್ದೀರಾ?' ಅಂತ ಕೇಳಿಕೊಂಡು ಹೋಗುವುದು, ಗೊಂಬೆ ನೋಡಲು ಬಂದವರಿಗೆ ಕೊಡುವ ತಿಂಡಿ, ಚರುಪು ಇಸ್ಕೊಳ್ಳುವುದು, ಇದನ್ನು ಯಾವ ಕ್ಯಾಂಪೂ ಮಾರಲು ಆಗುವುದಿಲ್ಲ.

ಉಳಿದದ್ದನ್ನು ಬೇಗ ಹೇಳುತ್ತೇನೆ. ಮೃಗಾಲಯ ಒಳ್ಳೆಯದೇ, 1892ರಿಂದ ಇರುವ ಜಾಗ, ಆದರೆ ನವರಾತ್ರಿಯಲ್ಲಿ ಹೋದರೆ ಜಿರಾಫೆಯ ಕುತ್ತಿಗೆ ಬಿಟ್ಟು ಮಿಕ್ಕಿದ್ದೆಲ್ಲ ಜನರ ತಲೆ. ಬೇರೆ ತಿಂಗಳಲ್ಲಿ, ಮಂಗಳವಾರ ಬಿಟ್ಟು, ಬೆಳಗ್ಗೆ ಬಾಗಿಲು ತೆಗೆಯುವ ಹೊತ್ತಿಗೆ ಹೋಗಿ. ದೊಡ್ಡಕೆರೆ ಮೈದಾನದ ಎಕ್ಸಿಬಿಷನ್ ದಸರೆ ಮುಗಿದ ಮೇಲೂ ಎಷ್ಟೋ ವಾರ ಇರುತ್ತದೆ. ನಾವು ಹೋಗೋದು ಆಮೇಲೆಯೇ, ವಾರದ ನಡುವೆ. ಒಳಗೆ ಹೋಗುವ ಟಿಕೆಟ್ ಕಡಿಮೆಯೇ, ದುಡ್ಡು ಕರಗುವುದು ಒಳಗೆ, ಒಂದೊಂದು ಆಟಕ್ಕೂ ಬೇರೆ ಬೇರೆ. ಗೇಟಿನಲ್ಲೇ ಮಾತು ಮಾಡಿಕೊಳ್ಳುತ್ತೇವೆ, ತಲೆಗೆ ಎರಡು ಆಟ, ಒಂದು ದೆಹಲಿ ಹಪ್ಪಳ. ಆಟದ ಸಾಮಾನಿನ ಅಂಗಡಿ ಕಡೆ ತಿರುಗಿ ನೋಡುವ ಹಾಗಿಲ್ಲ. ಮಕ್ಕಳ ದಸರಾ, ಆಹಾರ ಮೇಳ, ಕುಪ್ಪಣ್ಣ ಪಾರ್ಕಿನ ಫಲಪುಷ್ಪ ಪ್ರದರ್ಶನ, ಸಂಜೆ ಅರಮನೆ ಮುಂದಿನ ಸಂಗೀತ, ಇವುಗಳಿಗೆ ಜೇಬಿಗೆ ಅಷ್ಟು ಭಾರ ಇಲ್ಲ, ಮಗು ಬೇಜಾರಾಯಿತು ಅಂದ ತಕ್ಷಣ ಎದ್ದು ಬರಬಹುದು. ಆರೂವರೆ ಸಾವಿರ ಕೊಟ್ಟಾಗ ಹಾಗೆ ಎದ್ದು ಬರೋಕೆ ನಮಗೇ ಮನಸ್ಸಾಗುವುದಿಲ್ಲ, ಅಲ್ಲವೇ?

ನಾನು ಕಣ್ಣು ಮುಚ್ಚಿಕೊಂಡು ದುಡ್ಡು ಕೊಡುವುದು ಅಂಬಾರಿ ಬಸ್ಸಿಗೆ. ಪ್ರವಾಸೋದ್ಯಮ ನಿಗಮದವರ ಡಬಲ್ ಡೆಕರ್, ಮೇಲೆ ಛಾವಣಿ ಇಲ್ಲ. ದೀಪಾಲಂಕಾರ ಕೆಳಗಿನಿಂದ ಎಲ್ಲರಿಗೂ ಪುಕ್ಕಟೆ ಕಾಣುತ್ತದೆ ನಿಜ, ಆದರೆ ಮಗುವಿನ ಎತ್ತರಕ್ಕೆ ಆ ಜನಜಂಗುಳಿಯಲ್ಲಿ ಕಾಣೋದು ಬೈಕಿನ ಹಿಂದಿನ ಲೈಟು. ಮೇಲಿನ ಸೀಟಿನಲ್ಲಿ ದೀಪದ ಕಮಾನುಗಳ ಅಡಿಯಲ್ಲೇ ಹಾದು ಹೋಗುತ್ತೀರಿ. ಪೂರ್ತಿ ಸುತ್ತು ಮಕ್ಕಳ ಬಾಯಿ ಮುಚ್ಚುವುದಿಲ್ಲ. ಕೆಳಗಿನ ಸೀಟಿಗೆ ದುಡ್ಡು ಹಾಕಬೇಡಿ, ಅದು ಬರೀ ಬಸ್ಸು. ಮೇಲಿನದ್ದು ದಸರೆ ಸಮಯದಲ್ಲಿ ಬೇಗ ಖಾಲಿಯಾಗುತ್ತದೆ, ಆನ್‌ಲೈನ್‌ನಲ್ಲಿ ಮೊದಲೇ ಮಾಡಿಸಿ.

ನಾದಿನಿಗೆ ನಾನು ಹೇಳುವುದು ಇಷ್ಟು. ಕೊನೆಯ ಎರಡು ದಿನಕ್ಕೆ ಬರಬೇಡ. ಆಯುಧಪೂಜೆ, ವಿಜಯದಶಮಿಗೆ ಅರಮನೆ ಒಳಗೆ ಪ್ರವಾಸಿಗರನ್ನು ಬಿಡುವುದಿಲ್ಲ, ಲಾಡ್ಜಿನ ರೇಟು ಕೇಳುವ ಹಾಗಿಲ್ಲ, ಕಾರು ನಿಲ್ಲಿಸಲು ಜಾಗ ಇಲ್ಲ. ನವರಾತ್ರಿಗೆ ಮುಂಚಿನ ಶನಿವಾರ ಬಾ. ಸಂಜೆ ತಾಲೀಮು ನೋಡಿ, ಭಾನುವಾರ ಬೆಳಗ್ಗೆ ಅರಮನೆ ಒಳಗಿನ ಗೊಂಬೆ ತೊಟ್ಟಿ ತೋರಿಸಿ, ಸಂಜೆ ಏಳಕ್ಕೆ ಅರಮನೆಯ ದೀಪ ನೋಡಿಕೊಂಡು ಹೊರಡಿ, ಅದು ವರ್ಷದ ಎಲ್ಲಾ ಭಾನುವಾರವೂ ಹತ್ತುತ್ತದೆ. ಜಂಬೂ ಸವಾರಿಯನ್ನು ಟಿವಿಯಲ್ಲಿ ನೋಡಿದರಾಯಿತು. ಹೋದ ಸಲ ಅವಳು ಹೀಗೇ ಮಾಡಿದಳು. ಅವಳ ಮಗ ಮಾತ್ರ ಈಗಲೂ ಗೋಲ್ಡ್ ಕಾರ್ಡ್ ಬೇಕು ಅಂತಾನೆ. ಅದರ ಮೇಲೆ ಚಿನ್ನ ಇರುತ್ತದೆ ಅಂತ ಅವನ ನಂಬಿಕೆ.